ನಕಾಮುರಾಗೆ ಮಂಡಿ ಕೊಟ್ಟ ಆ ಉದ್ದದ ಮನುಷ್ಯ ಯಾರು?

ಪ್ರಶ್ನೆ: ಸರ್, ನಾನು ಸಣ್ಣವನಿದ್ದಾಗಿಂದ ಡಬ್ಲ್ಯೂಡಬ್ಲ್ಯೂಇ ನೋಡ್ಕೊಂಡು ಬಂದವ್ನು, ಶಿನ್ಸುಕೆ ನಕಾಮುರಾ ಅಂದ್ರೆ ಪ್ರಾಣ. ಮೊನ್ನೆ ಅವ್ರದ್ದೊಂದು ಹಳೇ ವಿಡಿಯೋ ಸಿಕ್ತು, ಡ್ರಾಮಾ ಅಲ್ಲ ನಿಜವಾದ ಫೈಟು. ಒಬ್ಬ ಭಾರಿ ಎತ್ತರದ ಬಿಳಿಯ ಅವ್ರಿಗೆ ಮಂಡಿಯಿಂದ ಹೊಡೀತಾನೆ, ನಕಾಮುರಾ ಬಿದ್ದು ತಕ್ಷಣ ಎದ್ದು ನಿಲ್ತಾರೆ, ಆದ್ರೂ ರೆಫರಿ ಫೈಟ್ ಮುಗಿಸಿಬಿಡ್ತಾರೆ. ಕೆಳಗೆ ಬೆಲಾರಸ್ ಕಿಕ್‌ಬಾಕ್ಸರ್ ಅಂತ ಹಾಕಿದ್ರು. ಯಾರಿವ್ನು? ಅಷ್ಟು ಚೆನ್ನಾಗಿ ಹೊಡೆಯೋನು ಯಾಕೆ ದೊಡ್ಡ ಚಾಂಪಿಯನ್ ಆಗ್ಲಿಲ್ಲ? ನಾನೂ 6 ಅಡಿ 3 ಇಂಚು ಇದೀನಿ, ಒಂದು ವರ್ಷದಿಂದ ಕಿಕ್‌ಬಾಕ್ಸಿಂಗ್ ಕಲೀತಿದೀನಿ, ಇವ್ನ ಸ್ಟೈಲ್ ನನಗೆ ಆಗತ್ತಾ?

ಉತ್ತರ: ನೀವು ನೋಡಿದ್ದು ಅಲೆಕ್ಸೀ ಇಗ್ನಾಶೋವ್‌ನ. ಬೆಲಾರಸ್ ರಾಜಧಾನಿ ಮಿನ್ಸ್ಕ್‌ನವನು, ಹುಟ್ಟಿದ್ದು 1978ರ ಜನವರಿ 18, ಎತ್ತರ 196 ಸೆಂಟಿಮೀಟರ್, ಅಂದ್ರೆ ನಿಮಗಿಂತ ಎರಡು ಇಂಚು ಜಾಸ್ತಿ. ರಿಂಗ್‌ನಲ್ಲಿ ಅವನ ಹೆಸರು ರೆಡ್ ಸ್ಕಾರ್ಪಿಯನ್, ಕೆಂಪು ಚೇಳು. ಚೇಳಿಗೆ ಕೊಂಡಿ ಬಾಲದಲ್ಲಿದ್ರೆ ಇವನಿಗೆ ಮಂಡಿಯಲ್ಲಿ, ಅಷ್ಟೇ ವ್ಯತ್ಯಾಸ. (ನಮ್ ಜಿಮ್‌ನಲ್ಲಿ ಮಂಡಿ ಏಟಿಗೆ ಇಂಗ್ಲಿಷಲ್ಲೇ 'ನೀ' ಅಂತೀವಿ, ಹೊಸ ಹುಡುಗ್ರಿಗೆ "ನೀ ಹಾಕು" ಅಂದ್ರೆ ಪಕ್ಕದವನ ಮುಖ ನೋಡಿ "ನಾನಾ ಸರ್?" ಅಂತ ಕೇಳ್ತಾರೆ, ಅದಕ್ಕೇ ಇಲ್ಲಿ ಮಂಡಿ ಅಂತಲೇ ಬರೀತೀನಿ.)

ಮೊದ್ಲು ಆ ವಿಡಿಯೋ ವಿಷಯ ಮುಗಿಸೋಣ. ಅದು 2003ರ ಡಿಸೆಂಬರ್ 31, ಜಪಾನಿನ ನಗೋಯಾ ಡೋಮ್, ಕೆ-1 ಅನ್ನೋ ಕಿಕ್‌ಬಾಕ್ಸಿಂಗ್ ಸಂಸ್ಥೆಯವ್ರು ಮಾಡ್ತಿದ್ದ ಡೈನಮೈಟ್ ಅನ್ನೋ ವರ್ಷದ ಕೊನೇ ರಾತ್ರಿಯ ಜಾತ್ರೆ. ಜಾತ್ರೆ ಅಂತ ಸುಮ್ನೆ ಹೇಳ್ತಿಲ್ಲ, ಅವತ್ತಿನ ಮುಖ್ಯ ಫೈಟ್ ದೈತ್ಯ ಮೈಯ ಬಾಬ್ ಸ್ಯಾಪ್‌ಗೂ ಸುಮೋದ ಅತೀ ದೊಡ್ಡ ಪಟ್ಟವಾದ ಯೊಕೊಝುನ ಆಗಿದ್ದ ಅಕೆಬೊನೋಗೂ, ಇಡೀ ಜಪಾನ್ ಟೀವಿ ಮುಂದೆ ಕೂತಿತ್ತು. ನಕಾಮುರಾಗೆ ಆಗ 23 ವರ್ಷ, ನ್ಯೂ ಜಪಾನ್ ಕುಸ್ತಿಯ ಐಡಬ್ಲ್ಯೂಜಿಪಿ ಹೆವಿವೇಟ್ ಬೆಲ್ಟ್ ಗೆದ್ದು ಮೂರು ವಾರ ಆಗಿತ್ತಷ್ಟೆ. ಫೈಟ್ ಇದ್ದಿದ್ದು ಎಂಎಂಎ ರೂಲ್ಸ್‌ನಲ್ಲಿ, ಅಂದ್ರೆ ನೆಲಕ್ಕೆ ಕೆಡವಬಹುದು, ಕುತ್ತಿಗೆ ಹಿಸುಕಬಹುದು. ಇಗ್ನಾಶೋವ್‌ಗೆ ನೆಲದ ಮೇಲಿನ ಕೆಲಸ ಬರ್ತಿರ್ಲಿಲ್ಲ, ನಕಾಮುರಾಗೆ ಅದೇ ಬರ್ತಿದ್ದಿದ್ದು, ಹಾಗಾಗಿ ಅವ್ನು ಕಾಲಿಗೆ ಬಿದ್ದು ಕೆಡವ್ತಾನೇ ಇದ್ದ. ಮೂರನೇ ರೌಂಡ್‌ನಲ್ಲಿ ಮಂಡಿ ತಗುಲ್ತು, ನಕಾಮುರಾ ಕುಸಿದ, ರೆಫರಿ ಓಡಿ ಬಂದು ನಿಲ್ಲಿಸಿದ್ರು, ಅಷ್ಟೊತ್ತಿಗೆ ಇವ್ನು ಎದ್ದು ನಿಂತು ಯಾಕೆ ನಿಲ್ಲಿಸಿದ್ರಿ ಅಂತ ಜಗಳಕ್ಕೇ ಬಂದ. ಆಮೇಲೆ ಆ ರಿಸಲ್ಟ್ ರದ್ದು ಮಾಡಿ 'ನೋ ಕಾಂಟೆಸ್ಟ್' ಅಂತ ಬರೆದ್ರು, ಯಾರೂ ಗೆಲ್ಲಲಿಲ್ಲ ಯಾರೂ ಸೋಲಲಿಲ್ಲ. 2004ರ ಮೇ 22ರಂದು ಸೈತಾಮಾದಲ್ಲಿ ಇಬ್ರನ್ನೂ ಮತ್ತೆ ಎದುರುಬದುರು ಬಿಟ್ರು, ಈ ಸಲ ನಕಾಮುರಾ ತಪ್ಪು ಮಾಡ್ಲಿಲ್ಲ, ಎರಡನೇ ರೌಂಡ್‌ನಲ್ಲಿ ಕುತ್ತಿಗೆ ಒತ್ತಿ ಟ್ಯಾಪ್ ಮಾಡಿಸಿದ, ಅಂದ್ರೆ ಸೋಲೊಪ್ಪಿಸಿದ. ಇನ್ನೊಂದು ತಮಾಷೆ ಗಮನಿಸಿದ್ರಾ? ಅವತ್ತು ಮಂಡಿ ತಿಂದ ಅದೇ ನಕಾಮುರಾ ಇವತ್ತು ಡಬ್ಲ್ಯೂಡಬ್ಲ್ಯೂಇನಲ್ಲಿ ಎಲ್ರನ್ನೂ ಮುಗಿಸೋದು ಕಿನ್ಶಾಸಾ ಅನ್ನೋ ಮಂಡಿ ಏಟಿನಿಂದ. ಇಗ್ನಾಶೋವ್‌ನ ನೋಡೇ ಕಲಿತ ಅಂತ ನಾನು ಹೇಳಲ್ಲ, ಆದ್ರೆ ನೋಡಿದಾಗೆಲ್ಲ ನಗು ಬರತ್ತೆ.

ಈಗ ಅಸಲಿ ವಿಷಯ. ಈ ಒಂದು ವಿಡಿಯೋ ನೋಡಿ ಇಗ್ನಾಶೋವ್‌ನ ಅಳೆದ್ರೆ ಅದು ಮೀನನ್ನ ಮರ ಹತ್ತಿಸಿ ನೋಡಿದ ಹಾಗೆ. ಅವ್ನು ಎಂಎಂಎನವನಲ್ಲ, ಥಾಯ್ ಬಾಕ್ಸಿಂಗ್‌ನವನು. ನಾನವನನ್ನ ಮೊದಲು ನೋಡಿದ್ದು ಒಬ್ಬ ಗೆಳೆಯ ಸಿಂಗಾಪುರದಿಂದ ತಂದಿದ್ದ ಸಿಡಿನಲ್ಲಿ, ಯಾವ ಲೇಬಲ್ಲೂ ಇಲ್ದೇ ಇರೋ ಸಿಡಿ, ಅರ್ಧಕ್ಕೇ ನಿಂತು ನಿಂತು ಓಡ್ತಿತ್ತು. ಎರಡು ಮಂಡಿ ನೋಡಿದ್ವಿ, ನಾಲ್ಕು ಜನ ಕೂತಿದ್ವಿ, ಯಾರೂ ಮಾತಾಡ್ಲಿಲ್ಲ. ಅಲ್ಲೀವರ್ಗೂ ಮಂಡಿ ಅಂದ್ರೆ ನಮಗೆ ಹತ್ರ ಬಂದಾಗ ಏನೂ ತೋಚದೇ ಇದ್ರೆ ಹಾಕೋದು ಅಂತಿತ್ತು, ಇವ್ನು ಅದನ್ನ ಊಟದ ಥರ ಬಡಿಸ್ತಿದ್ದ, ಮೊದ್ಲು ಎಲೆ ಹಾಸಿ, ನೀರು ಚಿಮುಕಿಸಿ, ಆಮೇಲೆ.

ಎಲ್ಲಿಂದ ಬಂತು ಇದು ಮಿನ್ಸ್ಕ್‌ಗೆ ಅಂತ ಕೇಳಬಹುದು, ಥಾಯ್ಲೆಂಡ್ ಎಲ್ಲಿ ಬೆಲಾರಸ್ ಎಲ್ಲಿ. ಸೋವಿಯತ್ ಒಕ್ಕೂಟದಲ್ಲಿ 1984ರಿಂದ 1989ರವರ್ಗೂ ಕರಾಟೆ ಕಲಿಸೋದಕ್ಕೇ ನಿಷೇಧ ಇತ್ತು, ಗೊತ್ತಿರೋರು ಬೇಸ್‌ಮೆಂಟ್‌ಗಳಲ್ಲಿ ಕದ್ದು ಕಲಿಸ್ತಿದ್ರು. ನಿಷೇಧ ಹೋಗಿ, 1991ರಲ್ಲಿ ದೇಶವೇ ಒಡೆದು ಹೋದ್ಮೇಲೆ ಕಟ್ಟೆ ಒಡೆದ ಹಾಗೆ ಎಲ್ಲಾ ಬಂತು, ಕಿಕ್‌ಬಾಕ್ಸಿಂಗ್, ಮುವಾಯ್ ಥಾಯ್ ಅಂದ್ರೆ ಥಾಯ್ ಬಾಕ್ಸಿಂಗ್, ಎಲ್ಲಾ. ಇಗ್ನಾಶೋವ್‌ಗೆ ನಿಷೇಧ ಹೋದಾಗ ಹನ್ನೊಂದು ವರ್ಷ, ಸರಿಯಾದ ವಯಸ್ಸು. ಹೊಸ ವಿದ್ಯೆ ಬಂತು, ಅದನ್ನ ಕಲಿಸೋ ಶಿಸ್ತು ಮಾತ್ರ ಹಳೇ ಸೋವಿಯತ್ ಶಿಸ್ತು, ವಾರ್ಮ್‌ಅಪ್ಪೇ ಒಂದು ಶಿಕ್ಷೆ ಅನ್ನೋ ಥರದ್ದು. ಮಿನ್ಸ್ಕ್‌ನ ಚಿನುಕ್ ಜಿಮ್‌ನಲ್ಲಿ ಆಂದ್ರೇ ಗ್ರಿದಿನ್ ಅನ್ನೋ ಕೋಚ್ ಕೈಯಲ್ಲಿ ಇವ್ನು ಬೆಳೆದ. ಆ ಜಿಮ್‌ನಿಂದ ಬಂದವನು ಇವನೊಬ್ನೇ ಅಲ್ಲ. ಸೆರ್ಗೇ ಗುರ್ ಅಂತ ಇನ್ನೊಬ್ಬ ಹೆವಿವೇಟ್ ಇದ್ದ, ಆಮೇಲೆ ಅಜರ್‌ಬೈಜಾನ್ ಮೂಲದ ಝಾಬಿತ್ ಸಮೆದೊವ್ ಬಂದ. ಒಂದು ಕೋಟಿಗೂ ಕಮ್ಮಿ ಜನ ಇರೋ ದೇಶ ಕಣ್ರೀ, ನಮ್ಮ ಬೆಂಗ್ಳೂರಷ್ಟೂ ಇಲ್ಲ, ಅಮೆಚೂರ್ ಮುವಾಯ್ ಥಾಯ್‌ನಲ್ಲಿ ಥಾಯ್ಲೆಂಡ್‌ನವ್ರು ಹುಷಾರಾಗಿ ನೋಡೋ ದೇಶಗಳಲ್ಲಿ ಅದೂ ಒಂದು. ಎಂಎಂಎ ನೋಡೋರಿಗೆ ಬೆಲಾರಸ್ ಅಂದ್ರೆ ಬಬ್ರೂಯ್ಸ್ಕ್‌ನ ಆಂದ್ರೇ ಆರ್ಲೋವ್ಸ್ಕಿ ನೆನಪಾಗ್ತಾನೆ, 2005ರಲ್ಲಿ ಯುಎಫ್‌ಸಿ ಹೆವಿವೇಟ್ ಬೆಲ್ಟ್ ಹಾಕ್ಕೊಂಡವನು, ಆದ್ರೆ ಅವನದ್ದು ಸಾಂಬೋ ಅನ್ನೋ ರಷ್ಯನ್ ಕುಸ್ತಿಯ ದಾರಿ, ಇವನದ್ದೇ ಬೇರೆ.

ಕ್ಲಿಂಚ್, ಅಂದ್ರೆ ನಿಂತೇ ಎದುರಾಳಿನ ಹಿಡ್ಕೊಂಡು ಹೊಡೆಯೋದು, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಇಗ್ನಾಶೋವ್ ಅಂದ್ರೆ ಅದೇ. ಗರಡಿ ಮನೆ ನೋಡಿದ್ರೆ ನಿಮಗೆ ಗೊತ್ತಿರತ್ತೆ, ಇಬ್ರು ಪೈಲ್ವಾನ್ರು ಶುರುನಲ್ಲಿ ಒಬ್ಬರ ಕತ್ತಿನ ಮೇಲೆ ಒಬ್ರು ಕೈ ಹಾಕಿ ತೂಕ ಬಿಡ್ತಾರೆ, ಥಾಯ್ ಕ್ಲಿಂಚ್‌ನ ತಾಯಿಬೇರು ಅದೇ. ಎರಡೂ ಅಂಗೈ ಎದುರಾಳಿಯ ತಲೆ ಹಿಂದೆ, ಕತ್ತಿನ ಮೇಲಲ್ಲ ತಲೆಬುರುಡೆಯ ಹಿಂಭಾಗದ ಉಬ್ಬಿನ ಮೇಲೆ, ಒಂದರ ಮೇಲೊಂದು. ಮೊಣಕೈ ಎರಡೂ ಒಳಕ್ಕೆ ಬಂದು ಅವನ ಕಾಲರ್ ಮೂಳೆ ಮೇಲೆ ಊರಬೇಕು, ಆಗ ನಿಮ್ಮ ಮುಂಗೈ ಅವನ ಎದೆಗೂ ನಿಮಗೂ ಮಧ್ಯ ಗೂಟ ಹೊಡೆದ ಹಾಗೆ, ಅವ್ನು ಹತ್ರ ಬರಕ್ಕೂ ಆಗಲ್ಲ ದೂರ ಹೋಗಕ್ಕೂ ಆಗಲ್ಲ. ಈಗ ಅವನ ಹಣೆ ನಿಮ್ಮ ಎದೆಗೆ ಬರೋ ಹಾಗೆ ಜಗ್ಗಿ. ತಲೆ ಕೆಳಗೆ ಹೋದ ಮನುಷ್ಯನಿಗೆ ಸೊಂಟದಲ್ಲಿ ಶಕ್ತಿ ಇರಲ್ಲ. ಆಮೇಲೆ ಮಂಡಿ. ಇಲ್ಲೇ ಎಲ್ರೂ ತಪ್ಪು ಮಾಡೋದು, ಮಂಡಿನ ಮೇಲಕ್ಕೆ ಎತ್ತೋದಲ್ಲ, ಸೊಂಟನ ಮುಂದಕ್ಕೆ ತಳ್ಳೋದು, ನಿಂತ ಕಾಲಿನ ಹಿಮ್ಮಡಿ ನೆಲ ಬಿಡಬೇಕು, ಮೈ ಹಿಂದಕ್ಕೆ ವಾಲಬೇಕು, ಆಗ ಮಂಡಿ ಈಟಿ ಥರ ಹೋಗಿ ಪಕ್ಕೆಲುಬಿನ ಕೆಳಗೆ ಲಿವರ್ ಇರೋ ಕಡೆ ಕೂರತ್ತೆ. ಲಿವರ್‌ಗೆ ಬಿದ್ರೆ ಒಂದು ಸೆಕೆಂಡ್ ಏನೂ ಆಗಲ್ಲ, ಮನುಷ್ಯ ಆಶ್ಚರ್ಯಪಟ್ಟವನ ಹಾಗೆ ನೋಡ್ತಾನೆ, ಆಮೇಲೆ ಕಾಲು ತಾನಾಗೇ ಮಡಚಿಕೊಳ್ಳತ್ತೆ. 196 ಸೆಂಟಿಮೀಟರ್‌ನ ಮನುಷ್ಯನಿಗೆ ಇದೆಲ್ಲ ಇನ್ನೂ ಸಲೀಸು, ಬಗ್ಗಿಸಿದ ತಲೆಯೇ ಮಂಡಿ ಹತ್ರ ಬಂದುಬಿಡತ್ತೆ.

ಆದ್ರೆ ಕೆ-1 ಥಾಯ್ ಬಾಕ್ಸಿಂಗ್ ಅಲ್ಲ. 1993ರಲ್ಲಿ ಕಝುಯೋಷಿ ಇಶಿಯಿ ಅನ್ನೋ ಕರಾಟೆ ಗುರು ಶುರು ಮಾಡಿದ್ದು, ಮೂರು ನಿಮಿಷದ ಮೂರು ರೌಂಡ್, ಮೊಣಕೈ ಏಟಿಲ್ಲ, ಹಿಡ್ಕೊಂಡು ಸುಮ್ನೆ ನಿಂತ್ರೆ ರೆಫರಿ ಬಂದು ಬಿಡಿಸ್ತಾನೆ. ಥಾಯ್ಲೆಂಡ್‌ನಲ್ಲಿ ಐದು ರೌಂಡ್ ಕ್ಲಿಂಚ್‌ನಲ್ಲೇ ಅರೆದು ಅರೆದು ಗೆಲ್ಲಬಹುದು, ಇಲ್ಲಿ ಸಿಗೋದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಹಿಡಿದು, ಬಗ್ಗಿಸಿ, ಹೊಡೆದು ಮುಗಿಸಬೇಕು. ಇಗ್ನಾಶೋವ್ ಅದನ್ನೇ ಮಾಡಿದ. ಇದರ ಜೊತೆಗೆ ಗ್ರಾಂಡ್ ಪ್ರಿ ಅಂದ್ರೆ ಒಂದೇ ರಾತ್ರಿ ಎಂಟು ಜನ, ಗೆಲ್ಲೋನು ಮೂರು ಫೈಟ್ ಮಾಡ್ಬೇಕು, ಮೊದಲನೇದರಲ್ಲಿ ಕಾಲು ಊದಿಸ್ಕೊಂಡ್ರೆ ಎರಡನೇದರಲ್ಲಿ ಅದೇ ಕಾಲಲ್ಲಿ ನಿಲ್ಲಬೇಕು.

2001ರಲ್ಲಿ ನಗೋಯಾದಲ್ಲಿ ನಡೆದ ಅರ್ಹತಾ ಗ್ರಾಂಡ್ ಪ್ರಿ ಗೆದ್ದ, 23 ವರ್ಷದ ಹುಡುಗ, ನೇರ ಡಿಸೆಂಬರ್‌ನ ಟೋಕಿಯೋ ಡೋಮ್ ಫೈನಲ್‌ಗೆ ಟಿಕೆಟ್. ಅಲ್ಲಿ ಮೊದಲ ಫೈಟ್‌ನಲ್ಲೇ ನಿಕೋಲಸ್ ಪೆಟಾಸ್‌ಗೆ ಜಡ್ಜ್‌ಗಳ ತೀರ್ಪಿನಲ್ಲಿ ಸೋತ. ಪೆಟಾಸ್ ಡೆನ್ಮಾರ್ಕ್‌ನವನು, ಕ್ಯೊಕುಶಿನ್ ಕರಾಟೆಯ ಮಾಸ್ ಒಯಾಮ ಹತ್ರ ಮನೇಲೇ ಇದ್ದು ಕಲಿತ ಶಿಷ್ಯ, ಇಗ್ನಾಶೋವ್‌ಗಿಂತ ಗಿಡ್ಡ, ಮೈಯೂ ಹಗುರ. ಆದ್ರೂ ಗೆದ್ದ. (ಮುಂದಿನ ವರ್ಷ ಇದೇ ಪೆಟಾಸ್ ಚಿನುಕ್ ಜಿಮ್‌ನ ಸೆರ್ಗೇ ಗುರ್‌ಗೆ ಲೋ ಕಿಕ್, ಅಂದ್ರೆ ಕಾಲಿಗೆ ಒದೆತ, ಹಾಕೋಕೆ ಹೋಗಿ, ಗುರ್ ಕಾಲೆತ್ತಿ ತಡೆದಾಗ ಇವನ ಕಣಕಾಲಿನ ಮೂಳೆಯೇ ಮುರೀತು. ಊಟ ಮಾಡ್ತಾ ಅದನ್ನ ನೋಡಬೇಡಿ.) ಆ 2001ರ ಟೂರ್ನಮೆಂಟ್ ಇದ್ಯಲ್ಲ, ಅದನ್ನ ಗೆದ್ದಿದ್ದು ಮಾರ್ಕ್ ಹಂಟ್. ಹಂಟ್ ಅಸಲಿಗೆ ಅಕ್ಟೋಬರ್‌ನ ಫುಕುವೋಕಾದಲ್ಲಿ ರೇ ಸೆಫೋಗೆ ಸೋತು ಔಟ್ ಆಗಿದ್ದವನು, ಸೆಫೋ ಗಾಯದಿಂದ ಹಿಂದೆ ಸರಿದಿದ್ದಕ್ಕೆ ಒಳಗೆ ಬಂದು ಕಪ್ ಎತ್ಕೊಂಡು ಹೋದ. ಅದೃಷ್ಟ ಅನ್ನೋದು ಇಲ್ವೇ ಇಲ್ಲ ಅನ್ನೋರಿಗೆ ನಾನು ಈ ಕಥೆ ಹೇಳ್ತೀನಿ.

2003 ಅವನ ವರ್ಷ. ಆ ವರ್ಷ ಮಾಸ್ಕೋದಲ್ಲಿ ಒಬ್ಬ 18 ವರ್ಷದ ಮೊರಾಕೋ ಮೂಲದ ಡಚ್ ಹುಡುಗನ್ನ ಮೂರನೇ ರೌಂಡ್‌ನಲ್ಲಿ ನಿಲ್ಲಿಸಿದ, ಹುಡುಗನ ಹೆಸರು ಬದ್ರ್ ಹರಿ. ಹೌದು, ಅದೇ ಬದ್ರ್ ಹರಿ, ಆಮೇಲೆ ಹತ್ತು ವರ್ಷ ಹೆವಿವೇಟ್ ಕಿಕ್‌ಬಾಕ್ಸಿಂಗ್‌ನ ಕೆಟ್ಟ ಹುಡುಗ ಅಂತ ಜಗತ್ತಿಗೇ ಗೊತ್ತಾದವನು. ಜೂನ್‌ನಲ್ಲಿ ಪ್ಯಾರಿಸ್ ಗ್ರಾಂಡ್ ಪ್ರಿನ ಇಗ್ನಾಶೋವ್ ಗೆದ್ದ. ಆಗ ಅವನ ವಯಸ್ಸು 25, ಮೈ ತೆಳು, ಕೈ ಎತ್ತರಕ್ಕೆ, ಮುಖದಲ್ಲಿ ಭಾವನೆ ಸೊನ್ನೆ, ರೇಷನ್ ಕ್ಯೂನಲ್ಲಿ ನಿಂತವನ ಥರ. ಆ ಕಾಲದಲ್ಲಿ ನಮ್ಮಂಥವ್ರೆಲ್ಲ ಇನ್ನೊಂದೆರಡು ವರ್ಷದಲ್ಲಿ ಟೋಕಿಯೋ ಡೋಮ್ ಇವನದ್ದೇ ಅಂದುಕೊಂಡಿದ್ವಿ.

ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ತುಂಬಾ ಜನ ಇದಕ್ಕೆ ಸೋಮಾರಿತನ ಅಂತ ಒಂದೇ ಪದದಲ್ಲಿ ಉತ್ತರ ಕೊಡ್ತಾರೆ, 2004 ಆದ್ಮೇಲೆ ಸೊಂಟದ ಸುತ್ತ ಮಾಂಸ ಬಂತು, ಕೊನೇ ರೌಂಡ್‌ನಲ್ಲಿ ಬಾಯಿ ತೆರೆದು ಉಸಿರಾಡ್ತಿದ್ದ ಅಂತ. ಅದು ಸುಳ್ಳಲ್ಲ, ವಿಡಿಯೋಗಳಲ್ಲಿ ಕಾಣತ್ತೆ. ಆದ್ರೆ ಅದಕ್ಕೂ ಮುಂಚೆ ಎರಡು ವಿಷಯ ಇದೆ ಅನ್ಸತ್ತೆ ನನಗೆ. ಒಂದು, ಅವನ ಒಳ್ಳೇ ವಯಸ್ಸಿನಲ್ಲಿ ಪ್ರೊಮೋಟರ್‌ಗಳು ಅವನನ್ನ ಸರ್ಕಸ್‌ಗೆ ಬಳಸ್ಕೊಂಡ್ರು. ಲೆಕ್ಕ ಹಾಕಿ, 2003ರ ಡಿಸೆಂಬರ್‌ನಲ್ಲಿ ನಕಾಮುರಾ, 2004ರ ಮಾರ್ಚ್‌ನಲ್ಲಿ ನೀಗಾಟದಲ್ಲಿ ಸ್ಟೀವ್ ವಿಲಿಯಮ್ಸ್, ಮೇನಲ್ಲಿ ಮತ್ತೆ ನಕಾಮುರಾ. ವಿಲಿಯಮ್ಸ್ ಅಂದ್ರೆ ನಿಮ್ಮ ಕುಸ್ತಿಯವನೇ, ಡಾಕ್ಟರ್ ಡೆತ್ ಅಂತ ಹೆಸರಾದವನು, ಆಗ 40 ದಾಟಿದ್ದ, ಅರ್ಧ ನಿಮಿಷ ಕೂಡ ಆಗ್ಲಿಲ್ಲ, ಮಲಗಿದ. ಇದರಿಂದ ಇಗ್ನಾಶೋವ್ ಏನು ಕಲಿತ? ಏನೂ ಇಲ್ಲ. ಆದ್ರೆ ಆಗಿನ ಕೆ-1 ಹಾಗೇ ಇತ್ತು, 2002ರಲ್ಲಿ ಬಾಬ್ ಸ್ಯಾಪ್ ಬಂದು ಅರ್ನೆಸ್ಟೋ ಹೂಸ್ಟ್‌ನಂಥ ಗುರುನ ಎರಡು ಸಲ ಬರೀ ಮೈ ತೂಕದಲ್ಲಿ ತುಳಿದ್ಮೇಲೆ ಟೀವಿಯವ್ರಿಗೆ ವಿದ್ಯೆಗಿಂತ ವಿಚಿತ್ರ ಬೇಕಾಯ್ತು.

ಎರಡನೇದು ಆಟದ್ದೇ ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಇಗ್ನಾಶೋವ್ ಕಾಯ್ತಿದ್ದ. ಎದುರಾಳಿ ಒಳಗೆ ಬರಲಿ, ಬಂದ್ಮೇಲೆ ಹಿಡೀತೀನಿ ಅಂತ. ಬಂದವ್ರು ಹಾಳಾದ್ರು. ಬರದೇ ಇದ್ದವ್ರು, ಪೆಟಾಸ್ ಥರ ಒಂದು ಏಟು ಹಾಕಿ ಪಕ್ಕಕ್ಕೆ ಸರಿದವ್ರು, ಪಾಯಿಂಟ್ ಕದ್ದು ಗೆದ್ರು. ಮೂರು ರೌಂಡ್ ಅಂದ್ರೆ ಒಂಬತ್ತೇ ನಿಮಿಷ, ಕಾಯೋನಿಗೆ ಆ ಆಟ ಕಾಲಾವಕಾಶ ಕೊಡಲ್ಲ. ಇದಕ್ಕೆ ಪಕ್ಕದಲ್ಲೇ ಇಟ್ಟು ನೋಡಬೇಕಾದವನು ಹಾಲೆಂಡಿನ ಸೆಮ್ಮಿ ಶಿಲ್ಟ್, 212 ಸೆಂಟಿಮೀಟರ್, ಅವನದ್ದೂ ಮಂಡಿಯೇ ದೊಡ್ಡ ಆಯುಧ. ಅವ್ನು 2005, 2006, 2007, ಆಮೇಲೆ 2009, ನಾಲ್ಕು ಸಲ ಕೆ-1 ಗ್ರಾಂಡ್ ಪ್ರಿ ಗೆದ್ದ, ಜನ ಬೋರು ಬೋರು ಅಂತ ಬೈದ್ರು, ಅವ್ನು ಗೆಲ್ತಾನೇ ಹೋದ. ವ್ಯತ್ಯಾಸ ಏನು? ಶಿಲ್ಟ್ ಎಡಗೈಯ ನೇರ ಗುದ್ದು, ಅಂದ್ರೆ ಜ್ಯಾಬ್‌ನಿಂದಲೂ, ಹೊಟ್ಟೆಗೆ ಒದೆಯೋ ಮುಂಗಿಕ್ಕಿನಿಂದಲೂ ಎದುರಾಳಿನ ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸ್ತಿದ್ದ. ಎದುರಾಳಿಗೆ ಎರಡೇ ದಾರಿ, ದೂರ ನಿಂತು ಜ್ಯಾಬ್ ತಿನ್ನು, ಇಲ್ಲ ಒಳಗೆ ನುಗ್ಗಿ ಮಂಡಿ ತಿನ್ನು. ಇಗ್ನಾಶೋವ್ ಹತ್ರ ಎರಡನೇ ದಾರಿಯಲ್ಲಿ ಮಾತ್ರ ಪೊಲೀಸ್ ಇದ್ದ, ಮೊದಲನೇ ದಾರಿ ಖಾಲಿ. ಮಂಡಿನೇ ತೂಗಿ ನೋಡಿದ್ರೆ ಇಗ್ನಾಶೋವ್‌ದೇ ಚೆಂದ, ಶಿಲ್ಟ್‌ದು ಏಣಿ ಇಳಿಸಿದ ಹಾಗೆ ಇರತ್ತೆ. ಆದ್ರೆ ಕಪ್ ಇರೋದು ಶಿಲ್ಟ್ ಮನೆಯಲ್ಲಿ.

ಅವನ ಕಡೇ ದಿನಗಳ ಬಗ್ಗೆ ಹೆಚ್ಚು ಹೇಳೋಕೆ ಮನಸ್ಸಿಲ್ಲ. 2010ರ ಹೊತ್ತಿಗೆ ಹಳೇ ಕೆ-1ಗೇ ದುಡ್ಡಿನ ಬರ ಬಂತು, ಫೈಟರ್‌ಗಳೆಲ್ಲ ಸಿಕ್ಕ ಸಿಕ್ಕ ಶೋಗಳಿಗೆ ಚದುರಿ ಹೋದ್ರು. 2013ರಲ್ಲಿ ಮಾಸ್ಕೋದಲ್ಲಿ ಇಗ್ನಾಶೋವ್‌ಗೂ ಬದ್ರ್ ಹರಿಗೂ ಎರಡನೇ ಸಲ ಫೈಟ್ ಆಯ್ತು, ಮೊದಲನೇದಾಗಿ ಹತ್ತು ವರ್ಷಕ್ಕೆ. ಈ ಸಲ ಹರಿ ಪಾಯಿಂಟ್ಸ್ ಮೇಲೆ ಗೆದ್ದ. ನಾನು ಅದನ್ನ ಒಂದೇ ಸಲ ನೋಡಿದ್ದು, ಮತ್ತೆ ಹಾಕ್ಲಿಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ, ಈ ಸ್ಟೈಲ್ ನಿಮಗೆ ಆಗತ್ತಾ. ಆಗತ್ತೆ, ಆದ್ರೆ ಉಲ್ಟಾ ಕ್ರಮದಲ್ಲಿ ಕಲಿಬೇಡಿ. ನನ್ನ ಹತ್ರ ಒಬ್ಬ ಹುಡುಗ ಇದ್ದ, ನಿಮ್ಮಷ್ಟೇ ಎತ್ತರ, ಬಂದ ಮೂರನೇ ತಿಂಗಳಿಗೇ ಮಂಡಿ ಹುಚ್ಚು ಹಿಡೀತು, ಬ್ಯಾಗ್ ಹಿಡ್ಕೊಂಡು ಅರ್ಧ ಗಂಟೆ ಮಂಡಿ ಕುಟ್ಟೋನು, ಬ್ಯಾಗ್ ಹೊಲಿಗೆಯೇ ಬಿಟ್ಟು ಹೋಯ್ತು. ಸ್ಪಾರಿಂಗ್‌ನಲ್ಲಿ ನಮ್ ಜಿಮ್‌ನ ಅತೀ ಗಿಡ್ಡ ಹುಡುಗ, 5 ಅಡಿ 5 ಇಂಚಿನವನು, ಇವನ ಕಂಕುಳ ಕೆಳಗೆ ತೂರಿ, ಸೊಂಟ ತಬ್ಬಿ, ಒಂಟಿ ಕಾಲಲ್ಲಿ ನಿಂತಿದ್ದ ಇವನನ್ನ ದೊಪ್ ಅಂತ ಕೂರಿಸಿದ. ಮೂರು ಸಲ. ಉದ್ದದವ್ರಿಗೆ ಎರಡು ಕಾಯಿಲೆ ಇರತ್ತೆ, ಹಿಡಿಯೋಕೆ ಹೋಗುವಾಗ ಸೊಂಟ ಹಿಂದಕ್ಕೆ ಬಿಟ್ಟು ಬೆನ್ನು ಬಗ್ಗಿಸ್ತಾರೆ, ಮತ್ತೆ ಮುಂದಿನ ಕಾಲು ಉದ್ದಕ್ಕೆ ಚಾಚಿ ಅದರ ಮೇಲೇ ಭಾರ ಹಾಕಿ ನಿಲ್ತಾರೆ, ಲೋ ಕಿಕ್ ಹಾಕೋನಿಗೆ ಬಾಳೆ ದಿಂಡು ಇಟ್ಟ ಹಾಗೆ. ಇವೆರಡೂ ನಿಮಗಿದೆಯಾ ಅಂತ ಮೊದ್ಲು ಕನ್ನಡಿ ಮುಂದೆ ನೋಡ್ಕೊಳ್ಳಿ, ಅಥವಾ ಫೋನ್‌ನಲ್ಲಿ ಪಕ್ಕದಿಂದ ವಿಡಿಯೋ ಮಾಡಿಸಿ.

ಮುಂದಿನ ಆರು ತಿಂಗ್ಳು ಜ್ಯಾಬ್ ಮತ್ತೆ ಮುಂಗಿಕ್ಕು, ದಿನಾ, ಬೇಜಾರಾಗೋವರ್ಗೂ, ಬೇಜಾರಾದ್ಮೇಲೂ. ಕ್ಲಿಂಚ್ ವಾರಕ್ಕೆರಡು ದಿನ ಸಾಕು, ಅದೂ ನಿಮ್ಮ ಎತ್ತರದವ್ರ ಜೊತೆ ಬೇಡ, ನಿಮ್ಮ ಕೋಚ್‌ನ ಕೇಳಿ ಕುಸ್ತಿ ಆಡಿ ಗೊತ್ತಿರೋ ಗಿಡ್ಡ ಪಾರ್ಟ್‌ನರ್ ಹಾಕಿಸ್ಕೊಳ್ಳಿ, ಕತ್ತು ನೋಯತ್ತೆ, ಎರಡು ವಾರ ತಿರುಗಿಸೋಕೂ ಆಗಲ್ಲ, ಪರ್ವಾಗಿಲ್ಲ. ನಿಮ್ಮ ಭಾಗದಲ್ಲಿ ಗರಡಿ ಇನ್ನೂ ನಡೀತಿದ್ರೆ ಬೆಳಿಗ್ಗೆ ಹೋಗಿ ಮಣ್ಣಲ್ಲಿ ಅರ್ಧ ಗಂಟೆ ಕತ್ತು ಹಿಡಿಯೋ ಅಭ್ಯಾಸ ಮಾಡಿ, ಅದಕ್ಕಿಂತ ಒಳ್ಳೇ ಟ್ರೈನಿಂಗ್ ನಾನು ಕಂಡಿಲ್ಲ.

ಮತ್ತೆ ನಕಾಮುರಾ ವಿಡಿಯೋ ಸಾಕು ಬಿಡಿ. 2003ರ ಪ್ಯಾರಿಸ್ ಹುಡುಕಿ, ಸೌಂಡ್ ಆಫ್ ಮಾಡಿ, ಮೊದಲನೇ ಸಲ ಮಂಡಿ ನೋಡಬೇಡಿ, ಮಂಡಿ ಬರೋ ಮುಂಚೆ ಅವನ ಎರಡು ಅಂಗೈ ಎಲ್ಲಿದೆ ಅಂತ ಮಾತ್ರ ನೋಡಿ, ಪ್ರತೀ ಸಲ ವಿಡಿಯೋ ನಿಲ್ಲಿಸಿ. ಆಮೇಲೆ ಶಿಲ್ಟ್‌ದು ಯಾವುದಾದ್ರೂ ಒಂದು ಫೈಟ್ ಹಾಕ್ಕೊಂಡು ಜ್ಯಾಬ್ ಎಷ್ಟು ಅಂತ ಬೆರಳು ಮಡಚಿ ಎಣಿಸಿ. ಮೊದಲನೇ ರೌಂಡ್‌ಗೇ ಕೈಬೆರಳು ಸಾಲಲ್ಲ, ಕಾಲಿನದ್ದೂ ಬೇಕಾಗತ್ತೆ.